ಮಿತ್ರ ದೇಶಕ್ಕೆ ಹೋದ ನಿಮ್ಮ ಮಾಹಿತಿಗೆ ಯಾರು ಜವಾಬ್ದಾರಿ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ಶಿವಮೊಗ್ಗದಲ್ಲಿದ್ದೇನೆ. ಮಗಳು ಟೊರಾಂಟೊದಲ್ಲಿದ್ದಾಳೆ, ಈಗ ಅಲ್ಲಿನ ಪ್ರಜೆ. ಕೆನಡಾ ಸರ್ಕಾರ ತನ್ನ ಪ್ರಜೆಗಳ ಫೋನ್, ಇಮೇಲ್ ವಿವರಗಳನ್ನು ಅಮೆರಿಕ, ಬ್ರಿಟನ್‌ಗೆ ಕೊಡುತ್ತದೆ ಎಂದು ಓದಿದೆ. ಒಂದು ಸರ್ಕಾರ ತನ್ನ ಜನರ ಮಾಹಿತಿಯನ್ನು ಹಾಗೆ ಹೊರಗೆ ಕೊಡಬಹುದೇ? ವೀಸಾಗೆ ಅಂತ ನಾನೂ ಹತ್ತು ಬೆರಳಿನ ಅಚ್ಚು ಕೊಟ್ಟಿದ್ದೇನೆ. ಅದು ಎಲ್ಲೆಲ್ಲಿಗೆ ಹೋಗಿರಬಹುದು? ನಮ್ಮ ಸರ್ಕಾರವೂ ಹೀಗೆ ಕೊಡುತ್ತದೆಯೇ? ನಾವು ಮಾಡುವಂಥದ್ದು ಏನಾದರೂ ಇದೆಯೇ?

ಉತ್ತರ: ಕೊಡುತ್ತದೆ ಸರ್. ಕೆನಡಾ ಕೊಡುತ್ತದೆ, ಅಮೆರಿಕ ಕೊಡುತ್ತದೆ, ನಾವೂ ಕೊಡುತ್ತೇವೆ. ಬಹುಪಾಲು ಕಾನೂನಿನ ಪ್ರಕಾರವೇ ಕೊಡುತ್ತಾರೆ. ಭಯೋತ್ಪಾದನೆ, ಮಕ್ಕಳ ಸಾಗಣೆ, ಕಪ್ಪುಹಣ ಇವೆಲ್ಲ ಒಂದೇ ದೇಶದೊಳಗೆ ನಡೆಯುವ ವ್ಯವಹಾರಗಳಲ್ಲ. ಹಾಗಾಗಿ ಕೊಡುವುದೇ ತಪ್ಪು ಎಂದು ನಾನು ಹೇಳಲಾರೆ. ನನ್ನ ಆತಂಕ ಬೇರೆ ಕಡೆ ಇದೆ. ಗಡಿ ದಾಟುವಾಗ ಹೆಸರು, ನಂಬರು, ಬೆರಳಚ್ಚು ಸಲೀಸಾಗಿ ದಾಟುತ್ತವೆ. ‘ಇದು ಇನ್ನೂ ಖಚಿತವಾಗಿಲ್ಲ’, ‘ಇದನ್ನು ಇಂಥದ್ದಕ್ಕೆ ಮಾತ್ರ ಬಳಸಿ’, ‘ಈ ಮನುಷ್ಯನ ಮೇಲೆ ಆರೋಪವೇನೂ ಇಲ್ಲ’ ಎಂಬ ಮಾತುಗಳು ಎಷ್ಟೋ ಸಲ ಹಿಂದೆಯೇ ಉಳಿದುಬಿಡುತ್ತವೆ. ಅನಾಹುತ ಆಗಿರುವುದು ಅಲ್ಲೇ.

ಮೊದಲು ನೀವು ಓದಿದ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕ ಶತ್ರುಗಳ ಸಂದೇಶಗಳನ್ನು ಜೊತೆಯಾಗಿ ಕದ್ದು ಕೇಳುತ್ತಿದ್ದವು. ಯುದ್ಧ ಮುಗಿದ ಮೇಲೂ ಅದನ್ನು ಮುಂದುವರಿಸೋಣ ಎಂದು 1946ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಆಮೇಲೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿದವು. ‘ಫೈವ್ ಐಸ್’ ಎಂದು ಪತ್ರಿಕೆಗಳು ಬರೆಯುವುದು ಈ ಐದು ದೇಶಗಳ ಕೂಟದ ಬಗ್ಗೆ. ಆ ಒಪ್ಪಂದದ ಪಠ್ಯ ಜನರ ಕೈಗೆ ಸಿಕ್ಕಿದ್ದು 2010ರಲ್ಲಿ. ಅರವತ್ತನಾಲ್ಕು ವರ್ಷ ಅದರ ನಿಯಮಗಳೇನು ಎಂದು ಆ ದೇಶಗಳ ಜನರಿಗೇ ಗೊತ್ತಿರಲಿಲ್ಲ.

ಒಬ್ಬರ ಪ್ರಜೆಗಳ ಮೇಲೆ ಇನ್ನೊಬ್ಬರು ಕಣ್ಣಿಡಬಾರದು ಎಂಬುದು ಕೂಟದೊಳಗಿನ ಮರ್ಯಾದೆ. ಕಾಗದದ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಲ್ಲಿ ಕಂಡದ್ದು ಬೇರೆ. ಅವುಗಳ ಪ್ರಕಾರ, ಬಲೆಗೆ ಅಕಸ್ಮಾತ್ ಸಿಕ್ಕಿಬಿದ್ದ ಬ್ರಿಟಿಷರ ಮೊಬೈಲ್ ನಂಬರು, ಇಮೇಲ್ ವಿಳಾಸಗಳನ್ನು ಫೋನ್, ಇಮೇಲ್ ಕದ್ದು ಕೇಳುವ ಅಮೆರಿಕದ ಸಂಸ್ಥೆ ಎನ್‌ಎಸ್‌ಎ ಇಟ್ಟುಕೊಂಡು ವಿಶ್ಲೇಷಿಸಬಹುದು ಎಂದು 2007ರಲ್ಲೇ ಬ್ರಿಟನ್ ಒಪ್ಪಿಕೊಂಡಿತ್ತು. ಅದಕ್ಕೆ ಮುಂಚೆ ಆ ಅನುಮತಿ ಲ್ಯಾಂಡ್‌ಲೈನ್ ನಂಬರುಗಳಿಗೆ ಮಾತ್ರ ಇತ್ತಂತೆ. 2008ರ ಇನ್ನೊಂದು ದಾಖಲೆಯಲ್ಲಿ, ತನ್ನ ಪ್ರಜೆಗಳ ವಿವರಗಳನ್ನು ತೆಗೆಯದೆ, ಸೋಸದೆ, ಸಗಟಾಗಿ ಕೊಡಲು ತನ್ನ ತಕರಾರಿಲ್ಲ ಎಂದು ಆಸ್ಟ್ರೇಲಿಯಾದ ಸಂಸ್ಥೆ ಹೇಳಿದೆ. ಆಸ್ಟ್ರೇಲಿಯನ್ನರನ್ನೇ ಗುರಿ ಮಾಡುವ ಉದ್ದೇಶ ಇರಬಾರದು, ಅಷ್ಟೇ ಷರತ್ತು.

ನಿಮ್ಮ ಮಗಳ ದೇಶ ಸ್ವಲ್ಪ ಬಿಗಿಯಾಗಿತ್ತು. ಕೆನಡಿಯನ್ನರ ಗುರುತು ಅಳಿಸಿಯೇ ಕೊಡುತ್ತೇವೆ ಎಂದು ಅದು ಪಟ್ಟು ಹಿಡಿದಿತ್ತು. ಇಲ್ಲಿ ಕೊಡುವುದು ‘ಮೆಟಾಡೇಟಾ’. ಅಂದರೆ ಕರೆಯಲ್ಲಿ ಆಡಿದ ಮಾತಲ್ಲ. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬ ಲೆಕ್ಕ. ಅದರಲ್ಲಿರುವ ಕೆನಡಾದ ನಂಬರುಗಳನ್ನು ಒಂದು ಸಾಫ್ಟ್‌ವೇರ್ ಮರೆಮಾಡಬೇಕಿತ್ತು. ಸಾಫ್ಟ್‌ವೇರ್ ಆ ಕೆಲಸ ಸರಿಯಾಗಿ ಮಾಡಿರಲಿಲ್ಲ! ಗೊತ್ತಾದ ಮೇಲೆ ಹಂಚುವುದನ್ನು ನಿಲ್ಲಿಸಿದರು. ಅದು ಜನರಿಗೆ ತಿಳಿದದ್ದು 2016ರ ಜನವರಿಯಲ್ಲಿ, ಮೇಲ್ವಿಚಾರಣಾ ಆಯುಕ್ತರ ವರದಿ ಬಂದಾಗ. ಅಷ್ಟರೊಳಗೆ ಹೋದದ್ದು ಹೋಗಿಯೇ ಆಗಿತ್ತು.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಸ್ವಂತ ಪ್ರಜೆಯ ಫೋನ್ ಕೇಳಲು ಕೋರ್ಟಿನ ಅಪ್ಪಣೆ ಬೇಕು. ಅದರ ಬದಲು ಪಕ್ಕದ ದೇಶದ ಕೈಯಲ್ಲಿ ಕೇಳಿಸಿಕೊಂಡರೆ ಆಯಿತಲ್ಲ? ಹಾಗೆ ಮಾಡುವುದಿಲ್ಲ ಎಂದು ಐದೂ ದೇಶಗಳು ಹೇಳುತ್ತಲೇ ಬಂದಿವೆ. ಆದರೆ 2013ರ ನವೆಂಬರ್‌ನಲ್ಲಿ ಕೆನಡಾದ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ರಿಚರ್ಡ್ ಮೋಸ್ಲಿ ಒಂದು ಖಾರವಾದ ಆದೇಶ ಬರೆದರು. ವಿದೇಶದಲ್ಲಿದ್ದ ಇಬ್ಬರು ಕೆನಡಿಯನ್ನರ ಸಂಪರ್ಕಗಳನ್ನು ಕೆನಡಾದೊಳಗಿನಿಂದಲೇ ಕದ್ದು ಕೇಳಲು ಅವರು ಹಿಂದೆ ಅನುಮತಿ ಕೊಟ್ಟಿದ್ದರು. ಗುಪ್ತಚರ ಸಂಸ್ಥೆ ಅದನ್ನು ಹಿಡಿದುಕೊಂಡು ಮಿತ್ರ ದೇಶಗಳ ನೆರವನ್ನೂ ಕೇಳಿತ್ತು. ಆ ವಿಷಯವನ್ನು ಕೋರ್ಟಿಗೆ ಹೇಳದೆ ಮುಚ್ಚಿಟ್ಟಿತ್ತು. ಮೇಲ್ಮನವಿಯಲ್ಲೂ ಅವರ ಆದೇಶವೇ ನಿಂತಿತು.

ಬ್ರಿಟನ್‌ನಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಎನ್‌ಎಸ್‌ಎ ಸಂಗ್ರಹಿಸಿದ್ದನ್ನು ಬ್ರಿಟಿಷ್ ಸಂಸ್ಥೆ ಪಡೆಯುತ್ತಿದ್ದ ವ್ಯವಸ್ಥೆ 2014ರ ಡಿಸೆಂಬರ್‌ವರೆಗೆ ಕಾನೂನಿಗೆ ವಿರುದ್ಧವಾಗಿತ್ತು ಎಂದು ಅಲ್ಲಿನ ವಿಶೇಷ ನ್ಯಾಯಮಂಡಳಿ 2015ರ ಫೆಬ್ರವರಿಯಲ್ಲಿ ಹೇಳಿತು. ಆಮೇಲೆ? ಆಮೇಲಿನದು ಸರಿ! ಯಾಕೆಂದರೆ ಗುಟ್ಟಾಗಿದ್ದ ನಿಯಮಗಳ ಒಂದಿಷ್ಟು ಭಾಗ ಅದೇ ಕೇಸಿನ ವಿಚಾರಣೆಯಲ್ಲಿ ಹೊರಗೆ ಬಂದಿತ್ತು. ಪಡೆದದ್ದನ್ನೇ ನ್ಯಾಯಮಂಡಳಿ ತಪ್ಪು ಎನ್ನಲಿಲ್ಲ, ನಿಯಮ ಬಚ್ಚಿಟ್ಟದ್ದನ್ನು ತಪ್ಪು ಎಂದಿತು. ಓದಿ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

‘ಒಂದು ಸರ್ಕಾರ ಹಾಗೆ ಕೊಡಬಹುದೇ’ ಎಂದು ಕೇಳಿದ್ದೀರಿ. ಕೊಡಲು ಅದರದ್ದೇ ಕಾನೂನಿನಲ್ಲಿ ದಾರಿ ಇರಬೇಕು. ಸಾಮಾನ್ಯವಾಗಿ ಇರುತ್ತದೆ. ಪ್ರಜೆಗೆ ತೊಂದರೆ ಶುರುವಾಗುವುದು ಆಚೆ ಬದಿಯಲ್ಲಿ. ನಿಮ್ಮ ಮಗಳು ಕೆನಡಾದಲ್ಲಿ ಪ್ರಜೆ. ಸಂದೇಶಗಳನ್ನು ಕದ್ದು ಕೇಳುವ ಅಲ್ಲಿನ ಗುಪ್ತಚರ ಸಂಸ್ಥೆ ಅವರನ್ನು ಗುರಿ ಮಾಡುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಅದೇ ಮಾಹಿತಿ ಅಮೆರಿಕಕ್ಕೆ ಹೋದ ಕೂಡಲೇ ಅವರು ಅಲ್ಲಿ ಪರದೇಶದವರು. ಅಮೆರಿಕದ 1974ರ ಖಾಸಗಿತನ ಕಾಯ್ದೆ ಮೂಲದಲ್ಲಿ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಹೊರದೇಶದಲ್ಲಿರುವ ಪರದೇಶದವರನ್ನು ಒಬ್ಬೊಬ್ಬರಿಗೂ ವಾರಂಟ್ ಇಲ್ಲದೆ ಗಮನಿಸಲು 2008ರಿಂದ ಅಲ್ಲಿ ಪ್ರತ್ಯೇಕ ಕಾನೂನೇ ಇದೆ. ತಮ್ಮ ದೇಶದಲ್ಲಿ ಸಿಗುವ ರಕ್ಷಣೆ ಮಾಹಿತಿಯ ಬೆನ್ನಿಗೆ ಹೋಗುವುದಿಲ್ಲ.

ಒಂದಿಷ್ಟಾದರೂ ರಕ್ಷಣೆ ಜೊತೆಗೆ ಹೋಗಲಿ ಎಂದೇ ಸಂಸ್ಥೆಗಳು ಒಂದು ಪದ್ಧತಿ ಇಟ್ಟುಕೊಂಡಿವೆ. ಕಡತದ ಮೇಲೆ ಷರತ್ತು ಬರೆಯುವುದು: ನಮ್ಮನ್ನು ಕೇಳದೆ ಮೂರನೆಯವರಿಗೆ ಕೊಡಬೇಡಿ, ಕೋರ್ಟಿನಲ್ಲಿ ಬಳಸಬೇಡಿ, ಇದರ ಆಧಾರದ ಮೇಲೆ ಯಾರನ್ನೂ ಹಿಡಿಯಬೇಡಿ. ಬ್ಯಾಂಕಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯೀ’ ಎಂದು ಬರೆದ ಹಾಗೆ. ಗೆರೆ ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಹೇರ್ ಅರಾರ್ ಅವರ ಕಥೆ ಕೇಳಿ.

ಅರಾರ್ ಸಿರಿಯಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಕೆನಡಾಕ್ಕೆ ಬಂದು, ಅಲ್ಲೇ ಓದಿ, ಪ್ರಜೆಯಾಗಿ, ಒಟ್ಟಾವಾದಲ್ಲಿ ಎಂಜಿನಿಯರ್ ಆಗಿದ್ದರು. 2001ರ ಸೆಪ್ಟೆಂಬರ್ ದಾಳಿಯ ನಂತರ ಕೆನಡಾದ ಫೆಡರಲ್ ಪೊಲೀಸರು ಇನ್ನೊಬ್ಬ ವ್ಯಕ್ತಿಯ ಮೇಲೆ ಕಣ್ಣಿಟ್ಟಿದ್ದರು. ಆತನ ಜೊತೆ ಅರಾರ್ ಅಕ್ಟೋಬರ್‌ನಲ್ಲಿ ಒಂದು ಕೆಫೆಯಲ್ಲಿ ಕೂತು ಮಾತಾಡಿದರು. ಆಮೇಲೆ ಇಬ್ಬರೂ ಮಳೆಯಲ್ಲಿ ಸ್ವಲ್ಪ ದೂರ ನಡೆದರು. ಪೊಲೀಸರಿಗೆ ಸಂಶಯ ಬಂದದ್ದು ಇಷ್ಟರಿಂದ. ಅರಾರ್ ಅವರ 1997ರ ಬಾಡಿಗೆ ಮನೆಯ ಕಾಗದವನ್ನೂ ಹುಡುಕಿ ತೆಗೆದರು. ಅದರಲ್ಲಿ ಆ ವ್ಯಕ್ತಿಯ ಹೆಸರಿತ್ತು.

ಇಲ್ಲಿಗೆ ನಿಂತಿದ್ದರೆ ಇದು ಯಾವುದೋ ಠಾಣೆಯ ಕಪಾಟಿನಲ್ಲಿ ಧೂಳು ತಿನ್ನುವ ಫೈಲ್ ಆಗಿರುತ್ತಿತ್ತು. ಆದರೆ ಪೊಲೀಸರು ಅಮೆರಿಕದ ಗಡಿ ಇಲಾಖೆಗೆ ಪತ್ರ ಬರೆದು ಅರಾರ್ ಮತ್ತು ಅವರ ಹೆಂಡತಿಯ ಹೆಸರನ್ನು ನಿಗಾ ಪಟ್ಟಿಗೆ ಸೇರಿಸಲು ಕೇಳಿದರು. ಇಬ್ಬರೂ ಅಲ್‌ಖೈದಾ ನಂಟಿನ ಶಂಕೆ ಇರುವ ಇಸ್ಲಾಮಿಕ್ ಉಗ್ರವಾದಿಗಳು ಎಂದು ಅದರಲ್ಲಿ ಬರೆದಿದ್ದರು. ಅದಕ್ಕೆ ಯಾವ ಆಧಾರವೂ ಇರಲಿಲ್ಲ. 2002ರ ಏಪ್ರಿಲ್‌ನಲ್ಲಿ ಇಡೀ ತನಿಖೆಯ ಕಡತಗಳನ್ನೇ ಮೂರು ಸಿಡಿಗಳಲ್ಲಿ ಹಾಕಿ ಅಮೆರಿಕಕ್ಕೆ ಕೊಟ್ಟರು. ಯಾವುದು ಮುಖ್ಯ, ಯಾವುದು ಸುಮ್ನೆ ಸಿಕ್ಕಿದ್ದು ಎಂದು ಬೇರ್ಪಡಿಸಿರಲಿಲ್ಲ. ಷರತ್ತಿನ ಒಂದು ಸಾಲೂ ಅದರ ಮೇಲಿರಲಿಲ್ಲ. ಹಾಗೆ ಕೊಡಬಾರದು ಎಂಬ ನಿಯಮ ಆ ಪೊಲೀಸ್ ಇಲಾಖೆಯ ಪುಸ್ತಕದಲ್ಲೇ ಇತ್ತು.

ಸೆಪ್ಟೆಂಬರ್ 26ರಂದು ಅರಾರ್ ಟ್ಯುನೀಷಿಯಾದಿಂದ ಮನೆಗೆ ಮರಳುವಾಗ ನ್ಯೂಯಾರ್ಕಿನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲೇ ಹಿಡಿದರು. ವಿಚಾರಣೆ ಮಾಡುತ್ತಿದ್ದ ಅಮೆರಿಕನ್ನರು ಆ ಬಾಡಿಗೆ ಕಾಗದದ ಪ್ರತಿಯನ್ನು ಅವರ ಮುಂದಿಟ್ಟರು. ಒಟ್ಟಾವಾದ ಮನೆ ಮಾಲೀಕರ ಹತ್ತಿರ ಇರಬೇಕಾದ ಕಾಗದ ನ್ಯೂಯಾರ್ಕ್ ವಿಮಾನ ನಿಲ್ದಾಣದ ಕೋಣೆಗೆ ಹೇಗೆ ಬಂತು? ಅರಾರ್ ಅವರಿಗೆ ಅರ್ಥವೇ ಆಗಲಿಲ್ಲ. ಎರಡು ವಾರದೊಳಗೆ ಅವರನ್ನು ಜೋರ್ಡಾನ್ ಮೂಲಕ ಸಿರಿಯಾಕ್ಕೆ ಕಳಿಸಿದರು, ಕೆನಡಾಕ್ಕಲ್ಲ. ಅಲ್ಲಿ ಮೂರು ಅಡಿ ಅಗಲ, ಆರು ಅಡಿ ಉದ್ದದ ಕತ್ತಲೆ ಕೋಣೆಯಲ್ಲಿ ಹತ್ತು ತಿಂಗಳು ಇಟ್ಟರು. ತಂತಿಯಿಂದ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು. ಬಿಡುಗಡೆಯಾಗಿ ಮನೆ ಸೇರಿದ್ದು 2003ರ ಅಕ್ಟೋಬರ್‌ನಲ್ಲಿ.

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ಆಯೋಗ 2006ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಅರಾರ್ ಅಪರಾಧ ಮಾಡಿದ್ದಕ್ಕಾಗಲಿ, ದೇಶಕ್ಕೆ ಅಪಾಯ ಎಂಬುದಕ್ಕಾಗಲಿ ಯಾವ ಸಾಕ್ಷ್ಯವೂ ಇಲ್ಲ ಎಂದಿತು. ಕೆನಡಾ ಕೊಟ್ಟ ತಪ್ಪು ಮಾಹಿತಿಯನ್ನೇ ನಂಬಿ ಅಮೆರಿಕ ಹೀಗೆ ಮಾಡಿರುವ ಸಾಧ್ಯತೆ ಬಹಳ ಹೆಚ್ಚು ಎಂದಿತು. ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2007ರ ಜನವರಿಯಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೇಳಿದರು. 1 ಕೋಟಿ 5 ಲಕ್ಷ ಕೆನಡಿಯನ್ ಡಾಲರ್ ಪರಿಹಾರವೂ ಸಿಕ್ಕಿತು. ಅಷ್ಟೆಲ್ಲ ಆದ ಮೇಲೂ ಅಮೆರಿಕ ತನ್ನ ಪಟ್ಟಿಯಿಂದ ಅವರ ಹೆಸರು ತೆಗೆಯಲು ಒಪ್ಪಲಿಲ್ಲ. ಕೊಟ್ಟವರೇ ‘ನಮ್ಮದು ತಪ್ಪು’ ಎಂದರೂ ತೆಗೆದುಕೊಂಡವರು ತಿದ್ದಬೇಕು ಎಂದೇನೂ ಇಲ್ಲ. ಈ ಕೇಸಿನಿಂದ ನಾನು ಕಲಿತ ಮುಖ್ಯ ಪಾಠ ಅದು. ಚಿತ್ರಹಿಂಸೆಯ ಅಪಾಯ ಇರುವಲ್ಲಿಗೆ ಮಾಹಿತಿ ಕೊಡಬಾರದು ಎಂದು ಕೆನಡಾ 2019ರಲ್ಲಿ ಕಾಯ್ದೆ ಮಾಡಿತು. ಗುಪ್ತಚರ ಕೆಲಸವನ್ನೆಲ್ಲ ಪರಿಶೀಲಿಸುವ ಒಂದೇ ಸಂಸ್ಥೆಯನ್ನೂ ಆಗಲೇ ಕಟ್ಟಿತು. ತಡವಾಯಿತು, ಆದರೂ ಮಾಡಿತಲ್ಲ.

ನಮ್ಮವರದ್ದೇ ಕೇಸು ಬೇಕಾ? ಡಾಕ್ಟರ್ ಮೊಹಮ್ಮದ್ ಹನೀಫ್ ನೆನಪಿರಬಹುದು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಬ್ರಿಟನ್‌ನಲ್ಲಿ ಕೆಲಸ ಮಾಡಿ, ಆಮೇಲೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದವರು. ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬರಿಗೆ ಕೊಟ್ಟು ಬಂದಿದ್ದರು. ಅದರಲ್ಲಿ ಇನ್ನೂ ಉಚಿತ ನಿಮಿಷಗಳು ಉಳಿದಿದ್ದವು. ನಾವು ನೀವೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವರಲ್ಲಿ ಒಬ್ಬ ಆ ಸಂಬಂಧಿಯ ಅಣ್ಣ. ಸಿಮ್ ಹನೀಫ್ ಹೆಸರಿನಲ್ಲಿದೆ ಎಂದು ಬ್ರಿಟಿಷ್ ಪೊಲೀಸರು ಆಸ್ಟ್ರೇಲಿಯಾಕ್ಕೆ ತಿಳಿಸಿದರು. ಆ ಮಾಹಿತಿ ನೂರಕ್ಕೆ ನೂರು ನಿಜ.

ಜುಲೈ 2ರ ರಾತ್ರಿ ಹನೀಫ್ ಬ್ರಿಸ್ಬೇನ್‌ನಲ್ಲಿ ಬೆಂಗಳೂರಿನ ವಿಮಾನ ಹತ್ತಲು ಹೊರಟಿದ್ದರು. ಮಗು ಹುಟ್ಟಿ ಒಂದು ವಾರವೂ ಆಗಿರಲಿಲ್ಲ. ಟಿಕೆಟ್ ಒಂದೇ ಕಡೆಯದು ಎಂಬುದೂ ಪೊಲೀಸರಿಗೆ ಸಂಶಯಕ್ಕೆ ಕಾರಣವಾಯಿತು. ಆರೋಪವೇ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡರು. 14ರಂದು ಆರೋಪ ಹೊರಿಸಿದಾಗ, ಸಿಮ್ ಆ ಜೀಪಿನಲ್ಲೇ ಸಿಕ್ಕಿತು ಎಂದು ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು. ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಆ ಸಂಬಂಧಿಯ ಹತ್ತಿರ. ಪತ್ರಕರ್ತರು ಈ ತಪ್ಪನ್ನು ಹೊರಗೆಡವಿದ ಮೇಲೆ 27ರಂದು ಆರೋಪ ಕೈಬಿಟ್ಟರು. ಅಷ್ಟರಲ್ಲಿ ಜಾಮೀನು ಸಿಕ್ಕ ದಿನವೇ ಅಲ್ಲಿನ ಮಂತ್ರಿ ಅವರ ವೀಸಾ ರದ್ದು ಮಾಡಿಯಾಗಿತ್ತು. ಆ ಆದೇಶವೂ ಕೋರ್ಟಿನಲ್ಲಿ ಬಿತ್ತು. 2008ರ ಕೊನೆಯಲ್ಲಿ ಬಂದ ಕ್ಲಾರ್ಕ್ ವಿಚಾರಣಾ ವರದಿ ಅವರ ಮೇಲೆ ಸಾಕ್ಷ್ಯವಿರಲಿಲ್ಲ ಎಂದು ಬರೆಯಿತು. 2010ರಲ್ಲಿ ಪರಿಹಾರ ಸಿಕ್ಕಿತು.

ಅರಾರ್ ವಿಷಯದಲ್ಲಿ ಕೊಟ್ಟವರ ತಪ್ಪು. ಹನೀಫ್ ವಿಷಯದಲ್ಲಿ ಬಂದ ಮಾಹಿತಿ ಸರಿಯಾಗಿತ್ತು, ತೆಗೆದುಕೊಂಡ ಕಡೆ ಅದಕ್ಕೆ ಸುತ್ತಲಿನ ಕಥೆ ಸೇರಿಕೊಂಡಿತು. ಎರಡರಲ್ಲೂ ತನಿಖೆ ಮಾಡಿದ್ದು ಒಂದು ದೇಶ, ಕ್ರಮ ಕೈಗೊಂಡದ್ದು ಇನ್ನೊಂದು. ಮಧ್ಯದಲ್ಲಿ ‘ತಡೀರಿ, ಇದು ನಿಜವೇ’ ಎಂದು ಕೇಳಬೇಕಾದ ಕುರ್ಚಿ ಖಾಲಿ ಇತ್ತು.

ಇನ್ನು ನಿಮ್ಮ ಬೆರಳಚ್ಚು. ಇದು ಗುಪ್ತಚರರ ದಾರಿಗಿಂತ ಬೇರೆ, ಬಹಿರಂಗವಾದ ಒಪ್ಪಂದಗಳ ದಾರಿ. ಭಾರತದಿಂದ ಅರ್ಜಿ ಹಾಕುವವರ ಬೆರಳಚ್ಚನ್ನು ಕೆನಡಾ 2018ರ ಕೊನೆಯಿಂದ ತೆಗೆದುಕೊಳ್ಳುತ್ತಿದೆ. ಅದು ಅಲ್ಲಿನ ಫೆಡರಲ್ ಪೊಲೀಸರ ಭಂಡಾರದಲ್ಲಿ ಕೂರುತ್ತದೆ. ಅಲ್ಲಿಂದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ವಲಸೆ ಇಲಾಖೆಗಳ ಭಂಡಾರಗಳ ಜೊತೆ ಹೋಲಿಸಿ ನೋಡಲು ವ್ಯವಸ್ಥೆ ಇದೆ. ಹೊಂದಾಣಿಕೆ ಆಗದಿದ್ದರೆ ‘ಇಲ್ಲ’ ಎಂದಷ್ಟೇ ಉತ್ತರ. ಹೊಂದಿದರೆ ಹೆಸರು, ಜನ್ಮದಿನಾಂಕ, ಹಿಂದೆ ವೀಸಾ ನಿರಾಕರಿಸಿದ್ದರೆ ಆ ವಿವರ ವಾಪಸ್ ಬರುತ್ತದೆ. ಅಮೆರಿಕದ ಜೊತೆಗಿನ ಒಪ್ಪಂದ ಆದದ್ದು 2012ರಲ್ಲಿ. ಪರಸ್ಪರರ ಪ್ರಜೆಗಳನ್ನು ಅದರಿಂದ ಹೊರಗಿಟ್ಟರು. ಹಾಗಾಗಿ ಈ ದಾರಿಯಲ್ಲಿ ನಿಮ್ಮ ಮಗಳು ಇಲ್ಲ, ನೀವಿದ್ದೀರಿ.

ಇದರಿಂದ ನಮ್ಮವರಿಗೆ ಪೆಟ್ಟು ಬೀಳುವುದು ಒಂದು ಸಣ್ಣ ಪ್ರಶ್ನೆಯಲ್ಲಿ. ‘ಯಾವುದಾದರೂ ದೇಶ ನಿಮಗೆ ಎಂದಾದರೂ ವೀಸಾ ನಿರಾಕರಿಸಿದೆಯೇ’ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಹತ್ತು ಹದಿನೈದು ವರ್ಷದ ಹಿಂದೆ ಚೆನ್ನೈಗೆ ರಾತ್ರಿ ರೈಲಿನಲ್ಲಿ ಹೋಗಿ, ಅಮೆರಿಕದ ವೀಸಾ ಸಿಗದೆ ವಾಪಸ್ ಬಂದದ್ದನ್ನು ಎಷ್ಟೋ ಜನ ಮರೆತಿರುತ್ತಾರೆ. ಇಲ್ಲಾ, ಹೇಳಿದರೆ ಕೆಟ್ಟದಾಗುತ್ತದೆ ಎಂದು ಏಜೆಂಟ್ ‘ಇಲ್ಲ’ ಎಂದು ತುಂಬಿರುತ್ತಾನೆ. ಬೆರಳಚ್ಚು ಅದನ್ನು ಹೇಳಿಬಿಡುತ್ತದೆ. ನಿರಾಕರಣೆ ಇದ್ದದ್ದು ದೊಡ್ಡ ವಿಷಯವೇ ಅಲ್ಲ. ಮುಚ್ಚಿಟ್ಟದ್ದಕ್ಕೆ ಐದು ವರ್ಷ ಕೆನಡಾಕ್ಕೆ ಕಾಲಿಡುವಂತಿಲ್ಲ. ನಿಮ್ಮದೇನಾದರೂ ಹಾಗೆ ಇದ್ದರೆ ಮುಂದಿನ ಅರ್ಜಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ.

ಕೆನಡಾದ ವಲಸೆ ಇಲಾಖೆಯಲ್ಲಿರುವ ನಿಮ್ಮ ಫೈಲಿನಲ್ಲಿ ಏನಿದೆ ಎಂದು ನೋಡಲೂ ಬಹುದು. ಅರ್ಜಿದಾರರ ಬಾಯಲ್ಲಿ ಇದಕ್ಕೆ ‘ಜಿಸಿಎಂಎಸ್ ನೋಟ್ಸ್’ ಅನ್ನುತ್ತಾರೆ. ಕೆನಡಾದ ಖಾಸಗಿತನ ಕಾಯ್ದೆಯಡಿ ಕೇಳಿದರೆ ಶುಲ್ಕವಿಲ್ಲ. 2022ರ ಜುಲೈಯಿಂದ ಹೊರದೇಶದಲ್ಲಿರುವವರೂ ಕೇಳಬಹುದು. ಆ ಪುಟಗಳಲ್ಲಿ ಸೆಕ್ಯೂರಿಟಿ, ಕ್ರಿಮಿನಾಲಿಟಿ ಎಂಬ ಸಾಲುಗಳ ಹತ್ತಿರ ‘ಇನ್ಫೋ ಶೇರಿಂಗ್’ ಎಂಬ ಸಾಲೂ ಇರುತ್ತದೆ. ಮಿತ್ರ ದೇಶಗಳನ್ನು ಕೇಳಿದ ಕೆಲಸ ಮುಗಿಯಿತೇ ಇಲ್ಲವೇ ಎಂದು ಅಲ್ಲಿ ತಿಳಿಯುತ್ತದೆ. ಭದ್ರತೆಗೆ ಸಂಬಂಧಿಸಿದ ಭಾಗಗಳನ್ನು ಮರೆಮಾಡಿ ಕೊಡುತ್ತಾರೆ, ಅದಕ್ಕೆ ಬೇಸರಪಡಬೇಡಿ. ನಿಮ್ಮ ಮಗಳಿಗೂ ಇದೇ ಕಾಯ್ದೆ. ತಪ್ಪಿದ್ದರೆ ತಿದ್ದಲು ಕೇಳಬಹುದು, ಒಪ್ಪದಿದ್ದರೆ ಖಾಸಗಿತನ ಆಯುಕ್ತರಿಗೆ ದೂರು ಕೊಡಬಹುದು. ಅಮೆರಿಕಕ್ಕೆ ಹೋದಾಗ ಪ್ರತಿ ಸಲ ಪಕ್ಕಕ್ಕೆ ಕರೆದು ನಿಲ್ಲಿಸುತ್ತಿದ್ದರೆ ಅಲ್ಲಿನ ಗೃಹ ಭದ್ರತಾ ಇಲಾಖೆಯ ‘ಟ್ರಿಪ್’ ಎಂಬ ದೂರು ವ್ಯವಸ್ಥೆ ಇದೆ. ಅವರು ಒಂದು ನಂಬರು ಕೊಡುತ್ತಾರೆ. ಅದನ್ನು ಟಿಕೆಟ್ ಮಾಡುವಾಗ ಹಾಕಿದರೆ ಅದೇ ಹೆಸರಿನ ಬೇರೆಯವರ ಜೊತೆ ಗೊಂದಲ ಕಡಿಮೆಯಾಗುತ್ತದೆ.

ಹೆಸರಿನ ಗೊಂದಲ ನಮ್ಮ ಕಡೆ ಸ್ವಲ್ಪ ಜಾಸ್ತಿಯೇ. ಊರು, ತಂದೆ ಹೆಸರಿನ ಇನಿಷಿಯಲ್ ಹೊತ್ತವರು ನಾವು. ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು ಒಂದೇ ಖಾನೆಗೆ ಬಿದ್ದಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಹೆಸರು ಗೊತ್ತಿಲ್ಲ. ಕಂಪ್ಯೂಟರಿಗೆ ಅದೇ ನಿಮ್ಮ ಹೆಸರು. ಪಾಸ್‌ಪೋರ್ಟ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಿ.

ನಮ್ಮ ಸರ್ಕಾರ ಏನು ಮಾಡುತ್ತದೆ? ಭಯೋತ್ಪಾದಕರ ನಿಗಾ ಪಟ್ಟಿಗಳ ವಿವರ ಹಂಚಿಕೊಳ್ಳಲು 2016ರ ಜೂನ್‌ನಲ್ಲಿ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. ವಿಮಾನ ಪ್ರಯಾಣಿಕರ ಬುಕಿಂಗ್ ವಿವರಗಳನ್ನು ಕಸ್ಟಮ್ಸ್‌ಗೆ ಕೊಡಬೇಕೆಂಬ ನಿಯಮ 2022ರ ಆಗಸ್ಟ್‌ನಲ್ಲಿ ಬಂತು. ಐದು ವರ್ಷ ಇಟ್ಟುಕೊಳ್ಳಬಹುದು, ಬೇರೆ ದೇಶಗಳ ಜೊತೆ ಹಂಚಿಕೊಳ್ಳಲೂ ಅದರಲ್ಲಿ ಜಾಗವಿದೆ.

ತಡೆ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಕಡಿಮೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಹಾಕಿದ ಅಳತೆಗೋಲು ಗಟ್ಟಿ: ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಬೇಕಾದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳಬಾರದು. ಆಮೇಲೆ ಬಂದ 2023ರ ಡೇಟಾ ಕಾಯ್ದೆಯ 17ನೇ ಸೆಕ್ಷನ್ ಓದಿ. ಸರ್ಕಾರ ಅಧಿಸೂಚನೆ ಹೊರಡಿಸಿದ ಸಂಸ್ಥೆಗಳಿಗೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಅದಕ್ಕೆ ಕೊಡಬಹುದಾದ ಕಾರಣಗಳಲ್ಲಿ ದೇಶದ ಭದ್ರತೆಯ ಜೊತೆಗೆ ವಿದೇಶಗಳೊಂದಿಗಿನ ಸ್ನೇಹ ಸಂಬಂಧವೂ ಒಂದು. ನಾವು ಮಾತಾಡುತ್ತಿರುವುದೇ ಅದರ ಬಗ್ಗೆ ಅಲ್ವಾ! ಆರ್‌ಟಿಐ ಹಾಕೋಣ ಎಂದರೆ 8ನೇ ಸೆಕ್ಷನ್ ಎದುರಿಗಿದೆ. ವಿದೇಶಿ ಸರ್ಕಾರ ವಿಶ್ವಾಸದಲ್ಲಿ ಕೊಟ್ಟ ಮಾಹಿತಿ ಕೊಡಬೇಕಿಲ್ಲ. ಕೆನಡಾದಲ್ಲಿ ಗುಪ್ತಚರರನ್ನು ಪ್ರಶ್ನಿಸುವ ಸಂಸ್ಥೆಯಾದರೂ ಇದೆ, ವರದಿ ಬರೆಯುತ್ತದೆ. ನಮ್ಮಲ್ಲಿ ಅಂಥದ್ದಕ್ಕೆ ಕಾನೂನೇ ಇಲ್ಲ. ಇಲ್ಲಿ ಅರಾರ್ ಅವರಂಥ ಕೇಸು ನಡೆದರೆ ಯಾವ ಸಿಡಿಯಲ್ಲಿ ಏನು ಹೋಯಿತು ಎಂದು ಬಿಡಿಸಿ ಬರೆಯುವವರು ಯಾರು? ನನಗೆ ಕಾಣುವುದಿಲ್ಲ.

ಈಗ ನಿಮ್ಮ ಮನೆಯ ಮಟ್ಟಕ್ಕೆ ಬರೋಣ. ಗೂಢಚಾರರ ಸುದ್ದಿ ಓದಿ ನೀವು ಗಾಬರಿಯಾಗಿದ್ದೀರಿ. ನಿಮ್ಮ ಕುಟುಂಬದ ಬಗ್ಗೆ ಎರಡು ಸರ್ಕಾರಗಳ ನಡುವೆ ವರ್ಷಾವರ್ಷ ಓಡಾಡುವ ಮಾಹಿತಿ ಯಾವುದು ಗೊತ್ತೇ? ಬಹುತೇಕ ನಿಮ್ಮ ಬ್ಯಾಂಕ್ ಬ್ಯಾಲೆನ್ಸ್. ‘ನೀವು ಬೇರೆ ದೇಶದ ತೆರಿಗೆ ನಿವಾಸಿಯೇ’ ಎಂದು ಕೇಳುವ ಫಾಟ್ಕಾ–ಸಿಆರ್‌ಎಸ್ ಫಾರಂ ನೀವೇ ಗ್ರಾಹಕರ ಕೈಯಲ್ಲಿ ತುಂಬಿಸಿರಬಹುದು. ಫಾಟ್ಕಾ, ಸಿಆರ್‌ಎಸ್ ಅಂದರೆ ಬ್ಯಾಂಕ್ ಖಾತೆಗಳ ವಿವರವನ್ನು ತೆರಿಗೆಗಾಗಿ ದೇಶಗಳು ಹಂಚಿಕೊಳ್ಳುವ ಎರಡು ವ್ಯವಸ್ಥೆಗಳು. ಅಮೆರಿಕದ ಜೊತೆ ಫಾಟ್ಕಾ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 2015ರ 9 ಜುಲೈ. ಉಳಿದ ದೇಶಗಳ ಜೊತೆಗಿನ ಸಿಆರ್‌ಎಸ್ ವಿನಿಮಯ 2017ರಿಂದ ಶುರುವಾಯಿತು. ಮಗಳ ಹೆಸರಿನಲ್ಲಿ ಇಲ್ಲೊಂದು ಖಾತೆ ಇದ್ದರೆ, ಅಥವಾ ನಿಮ್ಮ ಖಾತೆಯಲ್ಲಿ ಅವರು ಜಂಟಿ ಹೆಸರಾಗಿದ್ದರೆ, ಬ್ಯಾಂಕು ಮೇ 31ರೊಳಗೆ ಒಂದು ಫಾರಂನಲ್ಲಿ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಇಲಾಖೆ ಸೆಪ್ಟೆಂಬರ್ ಹೊತ್ತಿಗೆ ಅದನ್ನು ಕೆನಡಾಕ್ಕೆ ದಾಟಿಸುತ್ತದೆ.

ಇಲ್ಲೂ ಸಂದರ್ಭ ಕಳಚಿಹೋಗುವ ಅದೇ ತೊಂದರೆ ಇದೆ. ಜಂಟಿ ಖಾತೆಯಾದರೆ ಪೂರ್ತಿ ಬ್ಯಾಲೆನ್ಸ್ ಒಬ್ಬೊಬ್ಬರ ಹೆಸರಿಗೂ ಲೆಕ್ಕವಾಗುತ್ತದೆ, ಅರ್ಧ ಅರ್ಧ ಅಲ್ಲ. ನಿಮ್ಮ ಗ್ರಾಚ್ಯುಟಿ, ಪಿಎಫ್ ಎಲ್ಲ ಆ ಖಾತೆಯಲ್ಲಿದ್ದರೆ ಕೆನಡಾದ ತೆರಿಗೆ ಇಲಾಖೆಯ ಪರದೆಯ ಮೇಲೆ ಅಷ್ಟೂ ಹಣ ಮಗಳ ಎದುರು ಕಾಣುತ್ತದೆ. ಅದು ಅಪ್ಪನ ನಿವೃತ್ತಿ ದುಡ್ಡು, ಮಗಳ ಹೆಸರು ನಾಳೆ ತೊಂದರೆ ಆಗಬಾರದೆಂದು ಸೇರಿಸಿದ್ದು ಎಂದು ಬರೆಯಲು ಆ ಫಾರಂನಲ್ಲಿ ಖಾನೆಯೇ ಇಲ್ಲ. ವಿದೇಶದಲ್ಲಿ ಒಂದು ಲಕ್ಷ ಕೆನಡಿಯನ್ ಡಾಲರ್‌ಗಿಂತ ಹೆಚ್ಚಿನ ಆಸ್ತಿ ಇದ್ದವರು ಅಲ್ಲಿ ಟಿ1135 ಎಂಬ ಫಾರಂ ತುಂಬಬೇಕು. ಇವರು ತುಂಬಿಲ್ಲ, ಭಾರತದಿಂದ ಬಂದ ಪಟ್ಟಿಯಲ್ಲಿ ಮೊತ್ತ ಕಾಣುತ್ತಿದೆ ಎಂದಾದರೆ ನೋಟಿಸ್ ಬರಬಹುದು.

ಫಾರಂ ತುಂಬದೆ ತಪ್ಪಿಸಿಕೊಳ್ಳೋಣ ಎಂದುಕೊಳ್ಳಬೇಡಿ, ಖಾತೆ ತಡೆಹಿಡಿದುಬಿಡುತ್ತಾರೆ. ಮಗಳ ಕೆನಡಾ ತೆರಿಗೆ ಗುರುತಿನ ಸಂಖ್ಯೆ, ಅಂದರೆ ಅವರ ಸಿನ್ ನಂಬರು, ಸರಿಯಾಗಿ ಕೊಡಿ. ಹಣ ತೆಗೆಯುವ ಅನುಕೂಲಕ್ಕೆ ಮಾತ್ರ ಜಂಟಿ ಹೆಸರು ಹಾಕಿದ್ದರೆ, ಅದನ್ನು ತೆಗೆದು ನಾಮಿನಿ ಮಾಡಿದರೆ ಸಾಕಾಗುತ್ತದೆಯೇ ಯೋಚಿಸಿ. ನಾಮಿನಿ ಖಾತೆದಾರರಲ್ಲ, ಅವರ ಹೆಸರು ಈ ಪಟ್ಟಿಗೆ ಹೋಗುವುದಿಲ್ಲ. ಜಂಟಿಯಾಗಿಯೇ ಇರಲಿ ಎಂದಾದರೆ ಪಿಂಚಣಿ ಆದೇಶ, ಪಿಎಫ್ ಬಂದ ದಿನದ ಪಾಸ್‌ಬುಕ್ ಪುಟ, ಬಡ್ಡಿಗೆ ನೀವೇ ತೆರಿಗೆ ಕಟ್ಟಿದ ರಿಟರ್ನ್ ಪ್ರತಿ, ಇವನ್ನು ಸ್ಕ್ಯಾನ್ ಮಾಡಿ ಮಗಳಿಗೆ ಈಗಲೇ ಕಳಿಸಿಡಿ. ಅಲ್ಲಿನ ತೆರಿಗೆ ಸಲಹೆಗಾರರಿಗೂ ಈ ಖಾತೆಯ ವಿಷಯ ಒಮ್ಮೆ ಹೇಳಲು ತಿಳಿಸಿ.